ಎಂಟನೆಯ ಸದ್ದು

ಗಾರ್ವೆನ್ ಕಲ್ಲುಕ್ವಾರಿ ಮುಚ್ಚಿ ಐವತ್ತು ವರ್ಷವಾದ ಮೇಲೆ ನಮ್ಮೂರಿನವರಿಗೆ ಅದರ ಮೇಲೆ ಪ್ರೀತಿ ಹುಟ್ಟಿತು. ನಡೆಯುತ್ತಿದ್ದಾಗ ಅದನ್ನು ಬೈಯದವರಿರಲಿಲ್ಲ. ಈಗ ಕಾಲುದಾರಿ ಸಮಿತಿ ಅಂತ ಒಂದು ಮಾಡಿಕೊಂಡು, ಕಲ್ಲು ಸಾಗಿಸುತ್ತಿದ್ದ ಟ್ರಾಲಿಯ ಜಾಡನ್ನೇ ಹಿಡಿದು, ಬೆಟ್ಟದ ಸುತ್ತ ನಾಲ್ಕು ಮೈಲಿ ದಾರಿ ಸವರಿದೆವು. ಟ್ರಾಲಿ ಎಳೆಯುತ್ತಿದ್ದ ಮುರಿದ ರಾಟೆಮನೆ, ಸೂರಿಲ್ಲದ ಕಾರ್ಖಾನೆ, ಸ್ಲೇಟಿನ ಚೂರು ಸುರಿದು ಸುರಿದು ಬೆಳೆದ ಗುಡ್ಡಗಳು. ನಡೆಯಲು ಬರುವವರಿಗಾಗಿ ಅಲ್ಲಲ್ಲಿ ಒಂದೊಂದು ಫಲಕ. ಹನ್ನೊಂದು ಫಲಕಗಳ ತನಕ ಎಲ್ಲ ಸುಸೂತ್ರವಾಗಿತ್ತು. ಹನ್ನೆರಡನೆಯದಕ್ಕೆ ಬಂದಾಗ ನನಗೂ ಸಮಿತಿಗೂ ತಕರಾರು ಬಂತು.

ಸಮಿತಿಯ ಕಾರ್ಯದರ್ಶಿ ಟೆಗಿಡ್. ಮೂವತ್ತು ವರ್ಷ ಬಸ್ಸು ಓಡಿಸಿದವನು. ಈಗಲೂ ಕೊನೆಯ ಸೀಟಿನವರಿಗೆ ಕೇಳಲಿ ಎಂಬಂತೆ ಕೂಗಿಯೇ ಮಾತಾಡುತ್ತಾನೆ. ನಾವು ಪ್ರಾರ್ಥನೆಗೆ ಸೇರುವ ಚಾಪೆಲ್‌ನ ಹಿಂದಿನ ಕೋಣೆಯಲ್ಲಿ ನಿಂತು ಆ ಫಲಕದ ಬರಹ ಓದಿದ: "1921ರ ಮೇ ತಿಂಗಳಲ್ಲಿ ಮಧ್ಯಾಹ್ನ ಬಂಡೆ ಸಿಡಿಸುವ ಹೊತ್ತು, ಕೊಂಬೂದುವವನ ಲೆಕ್ಕ ತಪ್ಪಿದ್ದರಿಂದ ರೋಬಾಟ್ ಎಲಿಸ್ ಎಂಬ ಕೆಲಸಗಾರ ಇಲ್ಲಿ ಪ್ರಾಣ ಕಳೆದುಕೊಂಡ."

ಕೊಂಬೂದುವವನ ಹೆಸರು ಅದರಲ್ಲಿರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಕೋಣೆಯಲ್ಲಿದ್ದ ಹದಿನಾಲ್ಕು ಜನರೂ ನನ್ನ ಮುಖ ನೋಡದೆ ಬೇರೆಲ್ಲೋ ನೋಡಲು ಕಷ್ಟಪಡುತ್ತಿದ್ದರು.

ಆ ಕೊಂಬೂದುವವನು ನನ್ನ ತಾಯಿಯ ತಂದೆ, ವಿಲ್. ನಮ್ಮೂರಿನಲ್ಲಿ ಅರ್ಧ ಊರಿಗೆ ಒಂದೇ ಮನೆತನದ ಹೆಸರು. ಹಾಗಾಗಿ ಗುರುತಿಗೆಂದು ಪ್ರತಿ ಮನೆಗೂ ಒಂದು ಅಡ್ಡಹೆಸರು ಅಂಟಿರುತ್ತದೆ. ಯಾರದೋ ಅಜ್ಜ ಒಮ್ಮೆ ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದರೆ ಮೊಮ್ಮಕ್ಕಳವರೆಗೂ ಅವರು 'ನೀರುಹಾಲಿನವರು'. ನಮ್ಮದು 'ಏಳರ ಮನೆ'. ಎಪ್ಪತ್ತನಾಲ್ಕು ವರ್ಷದಿಂದ ನಾನು ಏಳರ ಮನೆಯ ನೆಸ್ತಾ.

ಅದು ಹೀಗೆ. ಬಂಡೆಗೆ ಕುಳಿ ಕೊರೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಕೊಡುವ ಮುಂಚೆ ಒಬ್ಬ ಕೊಂಬು ಊದುತ್ತಾನೆ. ಎಲ್ಲರೂ ಕಲ್ಲಿನ ಸೂರುಗಳ ಕೆಳಗೆ ಅಡಗುತ್ತಾರೆ. ಆಮೇಲೆ ಅದೇ ಮನುಷ್ಯ ಸಿಡಿದ ಸದ್ದುಗಳನ್ನು ಎಣಿಸಬೇಕು. ಎಂಟು ಬತ್ತಿ ಹಚ್ಚಿದ್ದರೆ ಎಂಟು ಸದ್ದು ಕೇಳಬೇಕು. ಆಗ ಎರಡನೆಯ ಸಲ ಕೊಂಬು. ಜನ ಹೊರಗೆ ಬರಬಹುದು. ಒಂದು ಕಡಿಮೆಯಾದರೂ ಅರ್ಧ ಗಂಟೆ ಯಾರೂ ಅಲ್ಲಾಡಕೂಡದು. ಅವತ್ತು ಹಚ್ಚಿದ್ದು ಎಂಟು, ಸಿಡಿದದ್ದು ಏಳು. ಅಜ್ಜ ಎಂಟು ಎಂದು ಕೊಂಬು ಊದಿದ. ಎಲ್ಲರಿಗಿಂತ ಮೊದಲು ಮೇಲೆ ಹತ್ತಿದವನು ರೋಬಾಟ್. ಉಳಿದ ಒಂದು ಕುಳಿ ಅವನು ಬರುವುದನ್ನೇ ಕಾದಿದ್ದಂತೆ ಆಗ ಸಿಡಿಯಿತು.

ಏಳರ ಮುಂದೆ ಎಣಿಸಲು ಬಾರದವನು ಎಂದು ಊರು ಹೆಸರಿಟ್ಟಿತು.

ನಾನು ಕಂಡ ಅಜ್ಜ ಎಣಿಸುವುದರಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಎಣಿಸದೆ ಇರುವುದೇ ಅವನಿಗೆ ಆಗುತ್ತಿರಲಿಲ್ಲ. ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ತಂತಿಯ ಮೇಲೆ ಕೂತ ಹಕ್ಕಿಗಳನ್ನು ಎಣಿಸು ಎನ್ನುತ್ತಿದ್ದ. ಹನ್ನೆರಡು ಎಂದರೆ, ಕೈ ಹಿಡಿದು ಗೇಟಿನ ತನಕ ಕರೆದೊಯ್ದು, "ಈಗ ಇಲ್ಲಿಂದ ಎಣಿಸು" ಎನ್ನುತ್ತಿದ್ದ. ಕುರಿಗಳೂ ಅಷ್ಟೇ, ಎರಡು ಕಡೆಯಿಂದ. ಮುದುಕರ ಹುಚ್ಚು ಎಂದುಕೊಂಡಿದ್ದೆ. ನನಗೆ ಹನ್ನೊಂದು ತುಂಬುವಾಗ ತೀರಿಕೊಂಡ.

ನಾನು ಓದು ಹತ್ತಿಸಿಕೊಂಡದ್ದು ತಡವಾಗಿ. ಐವತ್ತೆರಡನೆಯ ವಯಸ್ಸಿನಲ್ಲಿ, ಶಾಲೆಯ ಅಡುಗೆಮನೆಯ ಪಾತ್ರೆ ತೊಳೆದಿಟ್ಟು ರಾತ್ರಿ ತರಗತಿಗೆ ಹೋಗುತ್ತಿದ್ದಾಗ, ಮೇಷ್ಟ್ರು "ನಿಮ್ಮ ಮನೆಯದೇ ಒಂದು ಸಂಗತಿ ಹುಡುಕಿ ಬರೆಯಿರಿ" ಎಂದರು. ಕಾರ್ನಾರ್ವನ್ ಪಟ್ಟಣಕ್ಕೆ ಹೋಗಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿಸಿದೆ. ವಿಚಾರಣೆಯ ವರದಿ ಸಿಕ್ಕಿತು. ಅಜ್ಜನನ್ನು ಕೇಳಿದ್ದರು: ಎಲ್ಲಿ ನಿಂತಿದ್ದೆ? ಕೊಂಬಿನ ಗೂಡಿನಲ್ಲಿ. ಎಷ್ಟು ಸದ್ದು ಕೇಳಿದೆ? ಎಂಟು. ಇಲ್ಲದ ಸದ್ದು ಹೇಗೆ ಕೇಳಿದೆ? ನಾನು ಎಂಟು ಕೇಳಿದೆ, ಸ್ವಾಮಿ. ಮೂರು ಸಲ ಕೇಳಿದ್ದಾರೆ, ಮೂರು ಸಲವೂ ಅದೇ ಉತ್ತರ. ಆರು ಜನ ಕೆಲಸಗಾರರು ಬಂದು, ವಿಲ್ ತನ್ನ ಜಾಗದಲ್ಲೇ ಇದ್ದ ಎಂದು ಸಾಕ್ಷಿ ಹೇಳಿದ್ದಾರೆ. ಕುಳಿಗಳು ಎಲ್ಲೆಲ್ಲಿದ್ದವು ಎಂಬ ಪಟ್ಟಿಯೂ ಇತ್ತು. ಎಲ್ಲವನ್ನೂ ಬರೆದುಕೊಂಡೆ. ಬೆಪ್ಪನಾಗಿದ್ದರೆ ಮೂರನೆಯ ಸಲಕ್ಕಾದರೂ ತಡವರಿಸುತ್ತಿದ್ದ ಎಂಬ ಒಂದು ಅನುಮಾನ ಅಂದಿನಿಂದ ನನ್ನಲ್ಲಿ ಉಳಿಯಿತು.

ಹಾಗಾಗಿ ಸಭೆಯಲ್ಲಿ ಎದ್ದು ನಿಂತೆ. "ಅಚ್ಚಿಗೆ ಕೊಡೋ ಮುಂಚೆ ನನಗೊಂದು ಅವಕಾಶ ಕೊಡಿ. ಅಜ್ಜ ನಿಂತಿದ್ದ ಜಾಗದಲ್ಲಿ ನಿಂತು ಕೇಳಿ ನೋಡ್ಬೇಕು. ಅಲ್ಲಿ ಸದ್ದು ಮಾರ್ದನಿ ಕೊಡುತ್ತೆ ಅಂತಾದ್ರೆ ಆ ಸಾಲು ತೆಗೀಬೇಕು."

"ಸೋಮವಾರ ಅಚ್ಚಿಗೆ ಹೋಗ್ಬೇಕು," ಎಂದ ಟೆಗಿಡ್. "ಶನಿವಾರದ ತನಕ ನೋಡಿ ನೆಸ್ತಾ. ಏನೂ ಸಿಗದಿದ್ರೆ ಇದ್ದ ಹಾಗೇ ಹೋಗುತ್ತೆ."

ಮೂಲೆಯಲ್ಲಿ ಕೋಲಿನ ಮೇಲೆ ಗಲ್ಲ ಊರಿ ಕೂತಿದ್ದ ಮೋರ್ವಿದ್ ಬಾಯಿ ತೆರೆದರು. ರೋಬಾಟನ ಮೊಮ್ಮಗಳು ಅವರು, ನನಗಿಂತ ಎಂಟು ವರ್ಷ ದೊಡ್ಡವರು. ಚಾಪೆಲ್‌ನಲ್ಲಿ ಅವರ ಮನೆಯವರು ಎಡಕ್ಕೆ ಕೂತರೆ ನಮ್ಮ ಮನೆಯವರು ಬಲಕ್ಕೆ. ಅದು ನಮ್ಮಿಬ್ಬರಿಗಿಂತ ಹಳೆಯ ಪದ್ಧತಿ.

"ನೂರು ವರ್ಷದಲ್ಲಿ ಆಗದೇ ಇದ್ದದ್ದನ್ನ ಶನಿವಾರದೊಳಗೆ ಏನೇ ಕಡಿದು ಗುಡ್ಡೆ ಹಾಕ್ತೀಯಾ?"

"ಗುಡ್ಡೆ ಹಾಕೋಕೆ ನಮ್ಮೂರಲ್ಲಿ ಜಾಗ ಎಲ್ಲಿ ಉಳಿದಿದೆ ಮೋರ್ವಿದ್? ಸುಮ್ನೆ ಕೇಳಿಸಿಕೊಂಡು ಬರ್ತೀನಿ."

"ಒಬ್ಬಳೇ ಹೋಗಿ ನಿನಗೆ ಬೇಕಾದ್ದು ಕೇಳಿಸಿಕೊಂಡು ಬಂದ್ರೆ ನಂಬೋರ್ಯಾರು? ನಾನೂ ಬರ್ತೀನಿ. ಸತ್ತವನು ನನ್ನಜ್ಜ."

"ನಿಮ್ಮ ಮಂಡಿ?"

"ಮಂಡಿ ನಂದು, ಬರ್ತದೆ."

ಶನಿವಾರ ಬೆಳಿಗ್ಗೆ ಮೂವರೂ ಹೊರಟೆವು. ಮೋಡ ಬೆಟ್ಟದ ಭುಜದ ತನಕ ಇಳಿದಿತ್ತು. ಟೆಗಿಡ್ ಒಂದು ಹೆಗಲ ಮೇಲೆ ದಾರಿಗುರುತಿನ ಗೂಟ ಹೊಡೆಯುವ ದೊಡ್ಡ ಸುತ್ತಿಗೆ, ಇನ್ನೊಂದು ಕೈಯಲ್ಲಿ ಹಳೆಯ ಕಾರ್ಖಾನೆಯಲ್ಲಿ ಸಿಕ್ಕ ದಪ್ಪ ಕಬ್ಬಿಣದ ತಟ್ಟೆ ಹಿಡಿದಿದ್ದ. ಮೂರನೆಯ ಮಜಲಿನ ಬಂಡೆಯ ಬುಡದಲ್ಲಿ ಎಂಟೂ ಕುಳಿಗಳ ಜಾಗಕ್ಕೆ ನಾನು ಹಿಂದಿನ ದಿನವೇ ಸುಣ್ಣದ ಗುರುತು ಹಾಕಿದ್ದೆ. ಮೂರು ಮೂರು ಹೆಜ್ಜೆಗೊಂದು. ಕೊನೆಯದು ಮಾತ್ರ ಚಾಚಿಕೊಂಡ ಬಂಡೆಯೊಂದರ ಆಚೆ, ಪಡುವಣ ಮೂಲೆಯಲ್ಲಿ. ಟೆಗಿಡ್ ಆ ಸಾಲಿನಲ್ಲಿ ನಡೆಯುತ್ತ ತಟ್ಟೆಗೆ ಹೊಡೆಯಬೇಕು. ನಾವು ಎದುರಿನ ಕೊಂಬಿನ ಗೂಡಿನಲ್ಲಿ ನಿಂತು ಎಣಿಸಬೇಕು. ಒಂದು ಸಲ ಹೊಡೆದು, ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ.

ಮೋರ್ವಿದ್ ಅವನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದರು.

"ಏನು ಗುಟ್ಟು?" ಎಂದೆ.

"ಎಷ್ಟು ಹೊಡೀಬೇಕು ಅಂತ. ಅದು ನಿನಗೆ ಗೊತ್ತಿರಬಾರದು. ನಿಮ್ಮಜ್ಜನಿಗೂ ಎಷ್ಟು ಸಿಡಿಯುತ್ತೆ ಅಂತ ಮೊದಲೇ ಗೊತ್ತಿರಲಿಲ್ಲವಲ್ಲ!" ಟೆಗಿಡ್ ಕಡೆ ತಿರುಗಿ, "ಗಡಿಯಾರದ ಹಾಗೆ ಹೊಡೀಬೇಡ ಕಣಪ್ಪ. ಮದ್ದು ತಾಳ ಹಾಕಿಕೊಂಡು ಸಿಡಿಯಲ್ಲ. ಒಂದು ಬೇಗ, ಒಂದು ತಡ."

"ಬಸ್ಸಿನ ಹಾಗೆ," ಎಂದ ಟೆಗಿಡ್.

"ನಿನ್ನ ಬಸ್ಸಿನ ಹಾಗಾದ್ರೆ ಎಲ್ಲವೂ ತಡಾನೇ."

ಕೊಂಬಿನ ಗೂಡು ಅಂದರೆ ಎದೆಮಟ್ಟದ ಮೂರು ಗೋಡೆ, ಮೇಲೆ ಸೂರಿಲ್ಲ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ನಾನು ಒಂದು ಸ್ಲೇಟಿನ ಚೂರು ಮೊಣಕಾಲ ಮೇಲಿಟ್ಟುಕೊಂಡು, ಸೀಮೆಸುಣ್ಣ ಹಿಡಿದು ಕೂತೆ. ಮಂಜಿನಲ್ಲಿ ಟೆಗಿಡ್ ಕಾಣುತ್ತಿರಲಿಲ್ಲ. ಠಣ್ ಎಂದಿತು. ಗೆರೆ ಎಳೆದೆ. ಒಂದೊಂದು ಸದ್ದೂ ತೊಳೆದಿಟ್ಟ ತಟ್ಟೆಯಷ್ಟು ಸ್ವಚ್ಛವಾಗಿತ್ತು. ಬಾಲವಿಲ್ಲ, ಮಾರ್ದನಿ ಇಲ್ಲ. ಮುಗಿದಾಗ ಏಳು ಗೆರೆ ಇದ್ದವು.

"ಏಳು," ಎಂದೆ.

ಮೋರ್ವಿದ್ ಹ್ಞೂಂಗುಟ್ಟಿದರು. ಗೆದ್ದವರ ದನಿಯಾಗಿರಲಿಲ್ಲ ಅದು. "ನಾನು ಅವನಿಗೆ ಹೇಳಿದ್ದೂ ಏಳೇ. ಒಂದು ಗುರುತು ಬಿಟ್ಟು ಹೊಡಿ ಅಂದಿದ್ದೆ. ಇಲ್ಲಿ ನಿಂತವರಿಗೆ ಸರಿಯಾಗೇ ಕೇಳುತ್ತೆ ನೆಸ್ತಾ."

ಗೂಡನ್ನು ಅಲ್ಲಿ ಕಟ್ಟಿದವರೇನು ದಡ್ಡರೇ? ಸದ್ದು ಸರಿಯಾಗಿ ಕೇಳುವ ಕಡೆ ನೋಡಿಯೇ ಕಟ್ಟಿದ್ದರು. ಇಪ್ಪತ್ತು ವರ್ಷದಿಂದ ನಾನು ಜೋಪಾನ ಮಾಡಿದ್ದ ಅನುಮಾನ ಏಳು ಗೆರೆಗೆ ಮುಗಿದುಹೋಯಿತು. ಅಜ್ಜನಿಗೆ ಎಣಿಸಲು ಬರುತ್ತಿರಲಿಲ್ಲ, ಅಷ್ಟೇ. ಸೋಮವಾರ ಆ ಸಾಲು ಅಚ್ಚಾಗುತ್ತದೆ, ನಾನು ಬದುಕಿರುವಷ್ಟು ದಿನ ಈ ದಾರಿಯಲ್ಲಿ ಅದರ ಮುಂದೆಯೇ ನಡೆಯಬೇಕು.

ಅಷ್ಟರಲ್ಲಿ ಮಳೆ ಹಿಡಿಯಿತು. ಓರೆ ಮಳೆ, ಗೋಡೆಯಿದ್ದೂ ಪ್ರಯೋಜನವಿಲ್ಲ.

"ಇಲ್ಲಿ ನೆನೆದು ಸಾಯೋದು ಬೇಡ. ಕೆಳಗೆ ಕಾಬಾನಿಗೆ ಹೋಗೋಣ, ಚಹಾ ಕುಡಿಯೋಣ," ಎಂದರು ಮೋರ್ವಿದ್.

"ಟೆಗಿಡ್ ಇನ್ನೊಂದು ಸಲ ಹೊಡೀತಾನಲ್ಲ."

"ಹೊಡೆಯಲಿ. ಅಲ್ಲಿಗೂ ಕೇಳುತ್ತೆ. ಏನು, ದೇಶ ಬಿಟ್ಟು ಹೋಗ್ತಿದ್ದೀವಾ? ಮೂವತ್ತು ಮೆಟ್ಟಿಲು."

ಕಾಬಾನ್ ಅಂದರೆ ಕ್ವಾರಿಯವರು ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದ ಕಲ್ಲಿನ ಕೊಠಡಿ. ಬರೀ ಊಟವಲ್ಲ. ವಾದ, ಪದ್ಯ, ಲೆಕ್ಕದ ಪಂದ್ಯ, ಹಾಡು, ಎಲ್ಲ ಅಲ್ಲೇ. ಶಾಲೆಗೆ ಹೋಗದವರು ಅಲ್ಲಿ ಕೂತು ಪಂಡಿತರಾಗಿದ್ದಾರೆ. ಒಂದೇ ಒಂದು ಕಟ್ಟಳೆ: ಕಾಬಾನಿನಲ್ಲಿ ನಡೆದದ್ದು ಕಾಬಾನಿನ ಬಾಗಿಲು ದಾಟಬಾರದು. ಈಗ ಅದರ ಒಂದು ಮೂಲೆಗೆ ಮಾತ್ರ ಮಾಡು ಉಳಿದಿದೆ. ಆ ಮೂಲೆಯ ಕಲ್ಲುಬೆಂಚಿನಲ್ಲಿ ಕೂತು, ಫ್ಲಾಸ್ಕ್ ತೆರೆದು, ಒಣದ್ರಾಕ್ಷಿಯ ರೊಟ್ಟಿಗೆ ಬೆಣ್ಣೆ ಸವರಿ ಅವರಿಗೊಂದು ತುಂಡು ಕೊಟ್ಟೆ.

"ಒಣಗಿದೆ," ಎಂದರು. ತಿಂದರು. ಇನ್ನೊಂದಕ್ಕೆ ಕೈ ಚಾಚಿದರು.

ಆಗ ಮೇಲಿನಿಂದ ಠಣ್ ಎಂದಿತು. ನಾನು ಬಾಗಿಲಿಗೆ ಹೋಗಿ ನಿಂತು ಸ್ಲೇಟು ಒರೆಸಿ ಗೆರೆ ಎಳೆಯತೊಡಗಿದೆ. ಮನಸ್ಸಿರಲಿಲ್ಲ, ಒಪ್ಪಿಕೊಂಡ ಕೆಲಸ ಎಂದು ಎಳೆದೆ. ಬೇಗ ಒಂದು, ತಡವಾಗಿ ಒಂದು. ಕೊನೆಯವೆರಡು ಒಂದರ ಬೆನ್ನಿಗೊಂದು ಬಂದವು, ಮೊದಲಿನದು ಮೆತ್ತಗೆ, ಆಮೇಲಿನದು ಜೋರಾಗಿ. ಎಣಿಸಿದೆ. ಎಂಟು. ಈ ಸಲ ಒಂದೂ ಬಿಡದೆ ಹೊಡೆದಿದ್ದಾನೆ ಎಂದುಕೊಂಡು ಸ್ಲೇಟನ್ನು ಗೋಡೆಗೆ ಒರಗಿಸಿಟ್ಟೆ.

ಟೆಗಿಡ್ ನೀರಿಳಿಸಿಕೊಂಡು ಬಂದ. "ಗೂಡಲ್ಲಿ ಹುಡುಕಿದ್ರೆ ಇಬ್ಬರೂ ಇಲ್ಲ! ನಾನು ಅಲ್ಲಿ ಗಂಟೆ ಬಾರಿಸ್ತಿರೋದು, ನೀವಿಲ್ಲಿ ರೊಟ್ಟಿ ತಿನ್ನೋದು. ಎಷ್ಟು ಬಂತು?"

"ಮೊದಲ ಸಲ ಏಳು, ಈಗ ಎಂಟು," ಎಂದೆ.

"ಎಂಟೆಲ್ಲಿಂದ ಬಂತು? ಎರಡು ಸಲಾನೂ ಏಳೇ ಹೊಡೆದದ್ದು. ಐದನೇ ಗುರುತು ಬಿಟ್ಟೆ."

"ಸುಳ್ಳು ಹೇಳ್ಬೇಡ. ಕೊನೇಲಿ ಜೋಡಿ ಹೊಡೆದೆ."

"ಪಡುವಣ ಮೂಲೇಲಿ? ಒಂದೇ ಒಂದು! ಕೈ ಸೋತು ಸುತ್ತಿಗೆ ಕೆಳಗಿಟ್ಟುಬಿಟ್ಟೆ ಆಮೇಲೆ. ಇವರನ್ನ ಕೇಳಿ."

ಮೋರ್ವಿದ್ ಲೋಟ ಕೆಳಗಿಟ್ಟರು. "ನಾನೂ ಎಂಟೇ ಎಣಿಸಿದೆ. ಹೇಳಿದ ಮಾತು ಕೇಳ್ಲಿಲ್ಲ ಅಂತ ಇವನಿಗೆ ಬೈಯೋಕೆ ಕಾಯ್ತಿದ್ದೆ."

ಮೂವರೂ ಒಟ್ಟಿಗೆ ಮಾತಾಡತೊಡಗಿದೆವು.

ಪಾಪ, ಟೆಗಿಡ್‌ನನ್ನು ಮತ್ತೆ ಮೇಲೆ ಕಳಿಸಿದೆವು. ಪಡುವಣ ಮೂಲೆಯಲ್ಲಿ ಒಂದೇ ಪೆಟ್ಟು ಹೊಡೆ ಎಂದೆವು. ಕಾಬಾನಿನ ಬಾಗಿಲಲ್ಲಿ ಎರಡು ಕೇಳಿತು. ಮೋರ್ವಿದ್ ಕೋಲೂರಿಕೊಂಡು ಹೊರಗೆ ಬಂದು ಸುತ್ತ ನೋಡಿದರು. ಚಾಚಿಕೊಂಡ ಬಂಡೆ ಅಡ್ಡ ಬರುವುದರಿಂದ ಆ ಮೂಲೆಯ ಸದ್ದು ಇಲ್ಲಿಗೆ ನೇರ ಬರುವಾಗ ಮೆತ್ತಗಾಗುತ್ತದೆ. ಎದುರಿನ ನುಣುಪು ಬಂಡೆಗೆ ಬಡಿದು ತಿರುಗಿ ಬಂದದ್ದು ಅದಕ್ಕಿಂತ ಜೋರಾಗಿ ಬರುತ್ತದೆ. ಯಾರಾದರೂ ಅದನ್ನು ಹೊಸ ಸದ್ದೆಂದೇ ತಿಳಿಯುತ್ತಾರೆ. ನಾನು ಮೂವತ್ತು ಮೆಟ್ಟಿಲು ಹತ್ತಿ ಗೂಡಿನಲ್ಲಿ ನಿಂತು ಇನ್ನೊಮ್ಮೆ ಹೊಡೆಸಿದೆ. ಒಂದು ಪೆಟ್ಟಿಗೆ ಒಂದೇ ಸದ್ದು. ಇಳಿದು ಬಂದೆ. ಒಂದಕ್ಕೆ ಎರಡು.

"ಭಾಳ ಚೆನ್ನಾಗಿದೆ," ಎಂದ ಟೆಗಿಡ್, ಅಂಗಿ ಹಿಂಡುತ್ತ. "ಆದ್ರೆ ಏನು ಪ್ರಯೋಜನ ಹೇಳಿ? ನಿಮ್ಮಜ್ಜ ನಿಂತಿದ್ದು ಮೇಲೆ, ಗೂಡಲ್ಲಿ. ಅವರೇ ಹೇಳಿದ್ದಾರೆ. ಆರು ಜನ ಸಾಕ್ಷಿ ಹೇಳಿದ್ದಾರೆ. ಇಲ್ಲಿ ಎಂಟು ಕೇಳಿದ್ರೇನು, ಎಂಬತ್ತು ಕೇಳಿದ್ರೇನು?"

ಅವನು ಹೇಳಿದ್ದು ಸರಿಯಾಗಿತ್ತು. ನಾನು ಸ್ಲೇಟಿನ ಎಂಟು ಗೆರೆ ನೋಡುತ್ತ ಕೂತೆ. ಮೋರ್ವಿದ್ ರೊಟ್ಟಿಯ ತುಂಡನ್ನು ಕೈಯಲ್ಲಿ ಹಿಡಿದವರು ಬಾಯಿಗೆ ಹಾಕಿರಲಿಲ್ಲ.

"ನೆಸ್ತಾ," ಎಂದರು ಕೊನೆಗೆ, "ನಿಮ್ಮಜ್ಜ ಹಾಡ್ತಿದ್ದನೇನೆ?"

"ಚಾಪೆಲ್‌ನಲ್ಲಿ ತುಟಿ ಕೂಡ ಆಡಿಸ್ತಿರಲಿಲ್ಲ. ಯಾಕೆ?"

"ನಮ್ಮಜ್ಜಿ ಒಂದು ಮಾತು ಹೇಳ್ತಿದ್ದಳು. ವರ್ಷಕ್ಕೊಂದು ಸಲ, ಅಜ್ಜ ಸತ್ತ ದಿನ. ಜೂನ್ ತಿಂಗಳ ಹಾಡಿನ ಹಬ್ಬಕ್ಕೆ ಕಾಬಾನಿನಲ್ಲಿ ಅಭ್ಯಾಸ ಮಾಡಿಸ್ತಿದ್ದವನು ನಮ್ಮಜ್ಜನೇ. 'ನಿಮ್ಮಜ್ಜ ಸಂತೋಷದಲ್ಲೇ ಹೋದ ಕಣೇ' ಅನ್ನೋಳು. 'ಅವತ್ತು ಮಧ್ಯಾಹ್ನ ಮೊದಲನೇ ಸಲ ನಾಲ್ಕು ದನಿಯೂ ಕೂಡಿ ಬಂತಂತೆ. ಸಿಡಿಯೋದು ಮುಗಿಯೋ ತನಕ ಸುಮ್ನೆ ಯಾಕೆ ಕೂತಿರೋದು ಅಂತ ಹಾಡಿದ್ರಂತೆ. ವಿಲ್‌ನ ಮಂದ್ರ, ನೆಲ ಹಾಸಿದ ಹಾಗಿತ್ತಂತೆ.'"

"ವಿಲ್‌ನ?"

"ವಿಲ್‌ನ. ಸಾವಿನ ಸುದ್ದಿ ತಂದವರೇ ಅವಳಿಗೆ ಹೇಳಿದ್ದು, ಸಮಾಧಾನಕ್ಕೆ ಅಂತ. ಎಪ್ಪತ್ತು ವರ್ಷದಿಂದ ನನಗೆ ಗೊತ್ತಿರೋ ಮಾತು. ನಾನೇ ಎಷ್ಟೋ ಜನಕ್ಕೆ ಹೇಳಿದ್ದೀನಿ, ಹೆಮ್ಮೆಯಿಂದ. ಯಾವತ್ತೂ ಯೋಚನೆ ಮಾಡಲಿಲ್ಲ ನೋಡು." ಅವರು ನನ್ನ ಮುಖ ನೋಡಿದರು. "ಸಿಡಿಯೋ ಹೊತ್ತಲ್ಲಿ ವಿಲ್ ಇಲ್ಲಿ ಹಾಡ್ತಿದ್ದ ಅಂದ್ರೆ, ಅಲ್ಲಿ ಮೇಲೆ ಯಾರಿದ್ರು?"

ಟೆಗಿಡ್ ಜೀವನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದ: "ಹಾಗಾದ್ರೆ ಆ ಆರು ಜನ..."

"ಕಾಬಾನಿನ ಮಾತು ಕಾಬಾನಿನಲ್ಲೇ," ಎಂದೆ ನಾನು.

"ಅವನನ್ನ ಗೂಡಿನಿಂದ ಕೆಳಗೆ ಕರೆದವನು ನಮ್ಮಜ್ಜನೇ ಇರಬೇಕು," ಎಂದರು ಮೋರ್ವಿದ್. "ಹಾಡಿನ ವಿಷಯದಲ್ಲಿ ಅವನ ಮಾತು ಮೀರೋರು ಇರಲಿಲ್ಲವಂತೆ. 'ಇಲ್ಲಿಗೂ ಕೇಳುತ್ತೆ, ಕೊಂಬು ಹಿಡ್ಕೊಂಡೇ ಬಾರೋ, ಮೂವತ್ತೇ ಮೆಟ್ಟಿಲು' ಅಂದಿರ್ತಾನೆ."

ಅರ್ಧ ಗಂಟೆಯ ಹಿಂದೆ ತಾವೇ ಆಡಿದ ಮಾತು ಅದು ಎಂದು ಅವರಿಗೂ ಆಗಲೇ ಹೊಳೆದಿರಬೇಕು. ರೊಟ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಬಿಟ್ಟರು.

ನನಗೆ ಅಜ್ಜನ ಹಕ್ಕಿಗಳು ನೆನಪಾದವು. ಬಾಗಿಲಲ್ಲಿ ಒಮ್ಮೆ, ಗೇಟಿನಲ್ಲಿ ಒಮ್ಮೆ. ಅವನಿಗೆ ಗೊತ್ತಿತ್ತು. ಆಮೇಲೆ ಯಾವತ್ತೋ ಬಂಡೆ ಸಿಡಿಸುವ ಹೊತ್ತಿಗೆ ಒಬ್ಬನೇ ಬಂದು, ಈ ಬಾಗಿಲಲ್ಲಿ ನಿಂತು ಕೇಳಿ, ಗೂಡಿಗೆ ಹತ್ತಿ ಕೇಳಿ, ತಿಳಿದುಕೊಂಡಿದ್ದ. ತಿಳಿದ ಮೇಲೂ ಹೇಳಲಿಲ್ಲ. ಹೇಳಿದರೆ ತಾನು ಜಾಗ ಬಿಟ್ಟದ್ದನ್ನು ಹೇಳಬೇಕು, ಕರೆದವನ ಹೆಸರು ಹೇಳಬೇಕು, ಕರೆದವನು ಮಣ್ಣಿನಲ್ಲಿದ್ದ. ಎಣಿಸಲು ಬಾರದವನೆಂಬ ಹೆಸರನ್ನೇ ಹೊತ್ತುಕೊಂಡ. ಹಾಡನ್ನು ಬಿಟ್ಟ.

"ಈಗ ಫಲಕದ ಕಥೆ ಏನು?" ಎಂದ ಟೆಗಿಡ್. "ಒಂದು ಕೆಲಸ ಮಾಡೋಣ. ಆ ಸಾಲು ತೆಗೆದು 'ಅಪಘಾತದಲ್ಲಿ' ಅಂತ ಹಾಕ್ತೀನಿ. ಯಾರಿಗೂ ನೋವಿಲ್ಲ."

ನಾನು ತಕ್ಷಣ ಹೂಂ ಅನ್ನಬಹುದಿತ್ತು. ಬೆಳಿಗ್ಗೆ ನಾನು ಹೊರಟದ್ದೇ ಆ ಸಾಲು ತೆಗೆಸಲು. ಆದರೆ ಈಗ ಯೋಚನೆಗೆ ಬಿದ್ದೆ. ಎಣಿಸಲು ಬಾರದೆ ಹೋದದ್ದು ತಪ್ಪಲ್ಲ, ಜಾಗ ಬಿಟ್ಟದ್ದು ತಪ್ಪು. ಹಗುರವಾದದ್ದನ್ನು ಇಳಿಸಿ ಭಾರವಾದದ್ದನ್ನು ಅಜ್ಜನ ತಲೆ ಮೇಲೆ ನಾನೇ ಇಡುತ್ತಿದ್ದೇನೆಯೇ? ಇಡದಿದ್ದರೆ ಅವನು ಮೂರು ಸಲ ಹೇಳಿದ ನಿಜ ಸುಳ್ಳಾಗಿಯೇ ಉಳಿಯುತ್ತದೆ.

"ನೀವು ಹೇಳಿ ಮೋರ್ವಿದ್. ನಿಮ್ಮಜ್ಜನ ಹೆಸರೂ ಬರುತ್ತೆ."

"ನನ್ನ ಯಾಕೆ ಕೇಳ್ತೀಯಾ? ನೀನು ಹೇಳು."

"ನನಗೆ ಬರೆಸ್ಬೇಕು ಅನ್ಸುತ್ತೆ. ಪೂರ್ತಿ."

ಅವರು ಬಾಗಿಲಾಚೆ ಆ ನುಣುಪು ಬಂಡೆಯ ಕಡೆ ತಿರುಗಿದರು. "ಎಂಬತ್ತೆರಡು ವರ್ಷ ನಿಮ್ಮನ್ನ ಏಳರ ಮನೆ ಅಂತ ಕರೆದ ಬಾಯಿ ಇದು. ಬರಿಸು. ಆದ್ರೆ ಚೆನ್ನಾಗಿ ಹಾಡಿದ್ರು ಅನ್ನೋದನ್ನೂ ಬರಿಸು. ಅದೊಂದು ಬಿಟ್ಟರೆ ನಮ್ಮಜ್ಜಿಯದು ಅಂತ ಏನೂ ಉಳಿಯಲ್ಲ."

ಅಲ್ಲೇ ಕೂತು ಸ್ಲೇಟಿನ ಹಿಂಬದಿಯಲ್ಲಿ ಬರೆದೆವು. ಪದ ಜಾಸ್ತಿಯಾಯಿತು, ಫಲಕದಲ್ಲಿ ಹಿಡಿಸುವುದಿಲ್ಲ ಎಂದು ಟೆಗಿಡ್ ಗೊಣಗುತ್ತಲೇ ಇದ್ದ. ಮೋರ್ವಿದ್ ಎರಡು ಕಡೆ ಅಳಿಸಿದರು, ನಾನು ಒಂದು ಕಡೆ. ಕೊನೆಗೆ ಉಳಿದದ್ದು ಇಷ್ಟು:

"1921ರ ಮೇ ತಿಂಗಳ ಒಂದು ಮಧ್ಯಾಹ್ನ, ಹಾಡಿಗೆ ದನಿ ಕಡಿಮೆ ಬಿತ್ತೆಂದು ರೋಬಾಟ್ ಎಲಿಸ್ ಕೊಂಬೂದುವ ವಿಲ್‌ನನ್ನು ಗೂಡಿನಿಂದ ಇಲ್ಲಿಗೆ ಕರೆದ ಎಂದು ನಾವು ತಿಳಿದಿದ್ದೇವೆ. ವಿಲ್ ಬರಬಾರದಿತ್ತು, ಬಂದ. ಚೆನ್ನಾಗಿ ಹಾಡಿದರು. ಸಿಡಿದದ್ದು ಏಳು. ಈ ಬಾಗಿಲಲ್ಲಿ ಕೇಳುವುದು ಎಂಟು. ರೋಬಾಟ್ ಮೇಲೆ ಹತ್ತಿ ಹೋಗಿ ಸತ್ತ. ನೀವೂ ನಿಂತು ಕೇಳಿ."

ಸೋಮವಾರ ಅದೇ ಅಚ್ಚಿಗೆ ಹೋಯಿತು; ಫಲಕವನ್ನು ಕಾಬಾನಿನ ಬಾಗಿಲಲ್ಲೇ ನೆಟ್ಟೆವು. ಟೆಗಿಡ್ ಆ ಕಬ್ಬಿಣದ ತಟ್ಟೆಯನ್ನು ಪಡುವಣ ಮೂಲೆಯಲ್ಲಿ ಸರಪಳಿಗೆ ನೇತುಹಾಕಿ, ಪಕ್ಕದಲ್ಲಿ ಮರದ ಸುತ್ತಿಗೆ ಕಟ್ಟಿದ.

ಬೇಸಿಗೆಯಲ್ಲಿ ಆ ಕಡೆ ಹೋದರೆ ಮೋರ್ವಿದ್ ಬಹುಪಾಲು ಕಾಬಾನಿನ ಬೆಂಚಿನ ಮೇಲೆ ಸಿಗುತ್ತಾರೆ. ಮೊನ್ನೆ ಲಿವರ್‌ಪೂಲ್‌ನಿಂದ ಬಂದ ಗಂಡ ಹೆಂಡತಿ ಅಲ್ಲಿ ಜಗಳವಾಡುತ್ತಿದ್ದರು. ಗಂಡ ಮೂಲೆಯಲ್ಲಿ ಹೊಡೆದು ಬಂದು, ಮೂರು ಪೆಟ್ಟು ಹೊಡೆದೆ ಎನ್ನುತ್ತಿದ್ದ. ಹೆಂಡತಿ ಆರು ಎಂದು ಹಟ ಹಿಡಿದಿದ್ದಳು.

"ಮೂರೇ ಕಣೇ. ನನಗೆ ಎಣಿಸೋಕೆ ಬರಲ್ವಾ?"

"ನನಗೂ ಕಿವಿ ಇದೆ."

ಮೋರ್ವಿದ್ ಕೋಲೆತ್ತಿ ಮೆಟ್ಟಿಲು ತೋರಿಸಿದರು. "ಮೂವತ್ತೇ ಮೆಟ್ಟಿಲಮ್ಮ. ಮೊದಲು ಆ ಗೂಡಿನ ತನಕ ಹೋಗಿ ನಿಂತು ಕೇಳು. ಆಮೇಲೆ ಬಂದು ಅವನಿಗೆ ಬೈಯಿ."

ಅವಳು ಹತ್ತಿದಳು. ಗಂಡ ಗೊಣಗುತ್ತ ಮತ್ತೆ ಮೂಲೆಗೆ ಹೋದ. ಮೋರ್ವಿದ್ ಬೆಂಚಿನ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಬಿಟ್ಟರು.

"ಏಳರ ಮನೆಯವಳೇ," ಎಂದರು, "ಚಹಾ ತಂದಿದ್ದೀಯೋ, ಇಲ್ಲ ಬರೀ ಒಣ ರೊಟ್ಟೀನೋ?"